ಬಿಳಿ ಕುದುರೆ ಮೂತಿ ಬಿಸಿಲಿಗೆ ಸುಟ್ಟು ಸಿಪ್ಪೆ ಏಳ್ತಿದೆ, ಏನ್ ಹಚ್ಚೋದು ಹೇಳಿ

ಶಿರಾ_ಬಿಳಿಕುದುರೆ:

ಎಲ್ರಿಗೂ ನಮಸ್ಕಾರ. ನಾವು ಶಿರಾ ಹತ್ರ ಹಳ್ಳಿಯವ್ರು, ಮದುವೆ ಮೆರವಣಿಗೆಗೆ ಊರಹಬ್ಬಕ್ಕೆ ಅಂತ ಎರಡು ಕುದುರೆ ಇಟ್ಕೊಂಡಿದೀವಿ. ಒಂದು ಕಂದು ಬಣ್ಣದ ಗಂಡು, ಇನ್ನೊಂದು ನುಕ್ರಾ ಹೆಣ್ಣು, ಹೆಸರು ಮಲ್ಲಿ, ಏಳು ವರ್ಷ ಆಗಿದೆ. ಮೈಯೆಲ್ಲ ಬಿಳಿ, ಮೂತಿ, ಕಣ್ಣಿನ ಸುತ್ತ, ಬಾಲದ ಕೆಳಗೆ ಎಲ್ಲ ಗುಲಾಬಿ ಬಣ್ಣ. ಮದುವೆಯವ್ರು ಎಲ್ಲ ಅದನ್ನೇ ಕೇಳೋದು, ಕಂದು ಕುದುರೆ ಬೇಡ ಬಿಳೀದೇ ಬೇಕು ಅಂತಾರೆ.

ಇಷ್ಟು ವರ್ಷ ಮನೆ ಮುಂದೆ ದೊಡ್ಡ ಹುಣಸೇಮರ ಇತ್ತು, ಅದರ ಕೆಳಗೇ ಕಟ್ತಿದ್ವಿ. ಈ ಸಲ ರಸ್ತೆ ಅಗಲ ಮಾಡ್ತೀವಿ ಅಂತ ಫೆಬ್ರವರೀಲಿ ಮರ ಕಡಿದ್ರು. ಆಮೇಲಿಂದ ಶೀಟ್ ಹಾಕಿರೋ ಚಪ್ಪರದಲ್ಲಿ ಕಟ್ತಾ ಇದೀವಿ ಆದ್ರೆ ಮಧ್ಯಾಹ್ನ ಆದ್ರೆ ಶೀಟು ಕಾದು ಒಳಗೆ ಒಲೆ ಥರ ಆಗುತ್ತೆ, ಅದೇ ಹೊರಗೆ ಬಂದು ಬಯಲಲ್ಲಿ ನಿಂತ್ಕೊಳ್ಳುತ್ತೆ. ಹೋದ ವಾರ ಎರಡು ದಿನ ಸತತ ಮೆರವಣಿಗೆ ಇತ್ತು, ಒಂದು ಬೆಳಗ್ಗೆ ಹನ್ನೊಂದಕ್ಕೆ ಶುರು ಆಗಿ ಎರಡು ಗಂಟೆವರೆಗೂ ಹೋಯ್ತು, ಡಿಜೆ ನಿಲ್ಲಿಸಿ ನಿಲ್ಲಿಸಿ ಕುಣೀತಾರಲ್ಲ, ಅಲ್ಲೀವರೆಗೂ ಕುದುರೆ ಟಾರ್ ರೋಡಲ್ಲಿ ನಿಂತಿರ್ಬೇಕು.

ಮಾರನೇ ದಿನ ಮೂತಿ ಕೆಂಪಾಗಿ ಊದಿತ್ತು. ಮೂರನೇ ದಿನಕ್ಕೆ ಮೂಗಿನ ಹೊಳ್ಳೆ ಮೇಲೆ ಸಣ್ಣ ಸಣ್ಣ ಗುಳ್ಳೆ, ಈಗ ಒಣಗಿ ಹಪ್ಪಳದ ಥರ ಸಿಪ್ಪೆ ಏಳ್ತಿದೆ, ಮಧ್ಯೆ ಸೀಳು ಬಿಟ್ಟು ನೀರು ಒಸರುತ್ತೆ. ಲಗಾಮು ಹಾಕೋಕೆ ಹೋದ್ರೆ ತಲೆ ಮೇಲೆತ್ತಿ ಹಿಂದಕ್ಕೆ ಹೋಗುತ್ತೆ, ಯಾವತ್ತೂ ಹಂಗ್ ಮಾಡಿದ್ದಲ್ಲ. ಬೆನ್ನಿನ ಮೇಲೂ ಕೈ ಇಟ್ರೆ ಚರ್ಮ ನಡುಗಿಸುತ್ತೆ. ಎರಡು ದಿನದಿಂದ ಹುರುಳಿ ಕೂಡ ಸರಿಯಾಗಿ ತಿಂತಿಲ್ಲ. ಕಂದು ಕುದುರೆಗೆ ಏನೂ ಆಗಿಲ್ಲ, ಎರಡೂ ಒಂದೇ ಜಾಗದಲ್ಲಿ ಇದ್ದಿದ್ದು.

ಊರಲ್ಲಿ ಒಬ್ಬರು ಸರ್ಪಸುತ್ತು ಇರ್ಬೇಕು ಮಂತ್ರ ಹಾಕ್ಸು ಅಂದ್ರು, ಇನ್ನೊಬ್ರು ಹಳೇ ಇಂಜಿನ್ ಆಯಿಲ್ ಬಳಿ ಅಂದ್ರು. ನಾನು ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿದೀನಿ, ಕಮ್ಮಿ ಆದಂಗೆ ಕಾಣ್ತಿಲ್ಲ. ಮನುಷ್ಯರು ಹಚ್ಕೊಳ್ಳೋ ಸನ್‌ಸ್ಕ್ರೀನ್ ಕುದುರೆಗೆ ಹಚ್ಬಹುದಾ? ಮುಂದಿನ ಭಾನುವಾರ ಒಂದು ಮದುವೆಗೆ ಅಡ್ವಾನ್ಸ್ ತಗೊಂಡಿದೀನಿ, ಅಷ್ಟರೊಳಗೆ ವಾಸಿ ಆಗುತ್ತಾ? ಅದರ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ, ದಯವಿಟ್ಟು ಗೊತ್ತಿರೋರು ಹೇಳಿ.


ಕುಣಿಗಲ್_ಲಾಯ:

ಅಣ್ಣ ಮೊದಲು ಭಾನುವಾರದ ಮದುವೆ ಬಿಟ್ಬಿಡಿ. ಅಡ್ವಾನ್ಸ್ ವಾಪಸ್ ಕೊಡಿ, ಇಲ್ಲ ಕಂದು ಕುದುರೆ ಕಳಿಸ್ತೀನಿ ಅಂತ ಹೇಳಿ. ಸುಟ್ಟ ಮೂತಿ ಮೇಲೆ ಲಗಾಮಿನ ಪಟ್ಟಿ ಉಜ್ಜಿದ್ರೆ ಗಾಯ ಆಳಕ್ಕೆ ಹೋಗುತ್ತೆ, ಅದರ ಮೇಲೆ ಮತ್ತೆ ಬಿಸಿಲು ಬಿದ್ರೆ ಈಗ ಆಗಿರೋದರ ಎರಡರಷ್ಟಾಗುತ್ತೆ.

ನಮ್ಮಪ್ಪ ಇಪ್ಪತ್ತು ವರ್ಷ ಸಯೀಸ್, ಅಂದ್ರೆ ಕುದುರೆ ನೋಡ್ಕೊಳ್ಳೋ ಕೆಲಸ ಮಾಡಿದೋರು, ನಾನು ಕುದುರೆ ಮಧ್ಯೇನೇ ಬೆಳೆದಿದ್ದು. ನಮ್ಮೂರ ಸ್ಟಡ್ ಫಾರ್ಮ್ ಎಲ್ರಿಗೂ ಗೊತ್ತು, ಹೈದರ್ ಟಿಪ್ಪು ಕಾಲದಿಂದ ಇಲ್ಲಿ ಕುದುರೆ ಸಾಕ್ತಾ ಬಂದಿದಾರೆ. ರೇಸ್ ಕುದುರೆಗಳಲ್ಲಿ ಬಹುಪಾಲು ಕಂದು, ಕೆಂಚು ಬಣ್ಣದವೇ, ಆದ್ರೂ ಹಣೆಯಿಂದ ಮೂತಿವರೆಗೆ ಬಿಳಿ ಪಟ್ಟೆ ಇಳಿದಿರುತ್ತಲ್ಲ, ಅಂಥವಕ್ಕೆ ಆ ಪಟ್ಟೆ ಮೂಗಿನ ಹತ್ರ ಬಂದು ಮುಗಿಯೋ ಜಾಗ ಮಾತ್ರ ಸುಡುತ್ತೆ, ಪಕ್ಕದಲ್ಲೇ ಕಪ್ಪು ಚರ್ಮಕ್ಕೆ ಏನೂ ಆಗಿರಲ್ಲ. ಗೆರೆ ಹೊಡೆದಂಗೆ ಕಾಣುತ್ತೆ. ಅಪ್ಪ ಬೇಸಿಗೇಲಿ ಬೆಳಗ್ಗೆ ಖರಾರಾ ಹೊಡೆಯೋ, ಅಂದ್ರೆ ಬ್ರಷ್‌ನಿಂದ ಮೈ ಉಜ್ಜೋ ಮುಂಚೆ ಮೂತಿ ನೋಡೋರು.

ಬಿಳಿ ಕುದುರೆ ಎಲ್ಲ ಒಂದೇ ಅಲ್ಲ ಅಣ್ಣ. ನೀವು ಒಂದ್ ಕೆಲಸ ಮಾಡಿ, ಒಂದು ಚೊಂಬು ನೀರು ಬೆನ್ನಿನ ಮೇಲೆ ಹುಯ್ದು ಕೂದಲು ಒದ್ದೆ ಮಾಡಿ ನೋಡಿ. ಒದ್ದೆ ಕೂದಲ ಕೆಳಗೆ ಚರ್ಮ ಕಪ್ಪಗೆ, ಬೂದಿ ಬಣ್ಣದಲ್ಲಿ ಕಂಡ್ರೆ ಅದು ಹುಟ್ಟಿದಾಗ ಬೇರೆ ಬಣ್ಣ ಇದ್ದು ವಯಸ್ಸಾಗ್ತಾ ಬೆಳ್ಳಗಾಗಿರೋ ಕುದುರೆ, ಅದಕ್ಕೆ ಬಿಸಿಲು ಇಷ್ಟು ತೊಂದರೆ ಕೊಡಲ್ಲ. ಒದ್ದೆ ಆದ ತಕ್ಷಣ ಗುಲಾಬಿ ಬಣ್ಣ ಎದ್ದು ಕಂಡ್ರೆ ಚರ್ಮದಲ್ಲೇ ಬಣ್ಣ ಇಲ್ಲ ಅಂತ ಅರ್ಥ, ನುಕ್ರಾ ಎಲ್ಲ ಹಿಂಗೇ. ಬಿಸಿಲು ತಡೆಯೋದು ಚರ್ಮದಲ್ಲಿರೋ ಮೆಲನಿನ್, ನಿಮ್ಮ ಕಂದು ಕುದುರೆಗೆ ಏನೂ ಆಗದೆ ಇದಕ್ಕೆ ಆಗಿದ್ದು ಅದಕ್ಕೇ. ಬೆನ್ನಿಗೆ ದಟ್ಟ ಕೂದಲು ಇರುತ್ತೆ ಒಂಚೂರು ಕಾಪಾಡುತ್ತೆ, ಮೂತಿ ಮೇಲೆ ಇರೋದು ಬರೀ ನುಣ್ಣನೆ ಸಣ್ಣ ಕೂದಲು. ಬೆನ್ನೂ ಮುಟ್ಟಿಸ್ಕೊಳ್ತಿಲ್ಲ ಅಂದ್ರೆ ಜಾಸ್ತೀನೇ ಸುಟ್ಟಿದೆ.

ಈಗ ಮಾಡೋದು ಹೇಳ್ತೀನಿ. ಎಣ್ಣೆ ಅರಿಶಿನ ನಿಲ್ಲಿಸಿ, ಎಣ್ಣೆ ಹಚ್ಚಿದ್ರೆ ಒಳಗಿನ ಕಾವು ಹೊರಗೆ ಹೋಗಲ್ಲ, ಧೂಳೂ ಅಂಟುತ್ತೆ, ಅರಿಶಿನದಿಂದ ಕೆಂಪು ಇಳೀತಾ ಇದೆಯಾ ಜಾಸ್ತಿ ಆಗ್ತಿದೆಯಾ ಅಂತ ನಿಮಗೇ ಕಾಣಲ್ಲ. ಇಂಜಿನ್ ಆಯಿಲ್ ಅಂತೂ ಮುಟ್ಲೇಬೇಡಿ, ವಿಷ ಅದು, ಮೂತಿಗೆ ಬಳಿದ್ರೆ ನೆಕ್ಕುತ್ತೆ. ಹತ್ತಿ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡದೇನೆ ಮೂತಿ ಮೇಲೆ ಹತ್ತು ಹದಿನೈದು ನಿಮಿಷ ಇಡಿ, ಉಜ್ಬೇಡಿ, ಐಸ್ ಬೇಡ. ದಿನಕ್ಕೆ ಮೂರ್ನಾಕು ಸಲ ಮಾಡಿ. ಸಿಪ್ಪೆ ಕೀಳೋಕೆ ಹೋಗ್ಬೇಡಿ, ತಾನಾಗೇ ಉದುರುತ್ತೆ.

ಲೋಳೆಸರ ಒಳ್ಳೇದು, ಆದ್ರೆ ಕಿತ್ತು ತಕ್ಷಣ ಹಚ್ಬೇಡಿ. ಎಲೆ ಬುಡದಲ್ಲಿ ಕತ್ತರಿಸಿ, ಒಂದು ಲೋಟದಲ್ಲಿ ನಿಲ್ಲಿಸಿದ್ರೆ ಹಳದಿ ರಸ ಇಳಿಯುತ್ತೆ, ಹತ್ತು ಹದಿನೈದು ನಿಮಿಷ ಬಿಟ್ಟು ಆ ರಸ ಚೆಲ್ಲಿ, ಸಿಪ್ಪೆ ತೆಗೆದು ಒಳಗಿನ ಬಿಳಿ ಲೋಳೆ ಮಾತ್ರ ಹಚ್ಚಿ. ಆ ಹಳದಿ ರಸ ಭೇದಿ ಔಷಧಿ, ಹಿಂದೆ ಕುದುರೆ ಹೊಟ್ಟೆ ತೊಳೆಯೋಕೆ ಅದನ್ನೇ ಕುಡಿಸ್ತಿದ್ದಿದ್ದು. ಮೂತಿಗೆ ಹಚ್ಚಿದ್ದು ಕುದುರೆ ಹೊಟ್ಟೆಗೆ ಹೋಗೇ ಹೋಗುತ್ತೆ, ಏನೇ ಹಚ್ಚೋ ಮುಂಚೆ ಇದನ್ನ ನೆನಪಿಟ್ಕೊಳ್ಳಿ.

ಸನ್‌ಸ್ಕ್ರೀನ್ ಹಚ್ಬಹುದು ಆದ್ರೆ ಈಗಲ್ಲ. ಗಾಯ ಬಾಯಿ ಬಿಟ್ಟಿರೋವಾಗ ಉರಿಯುತ್ತೆ. ವಾಸಿ ಆದ್ಮೇಲೆ ಮಕ್ಕಳಿಗೆ ಹಚ್ಚೋದು, ಸೆಂಟ್ ವಾಸನೆ ಇಲ್ಲದ್ದು, ಎಸ್‌ಪಿಎಫ್ 30 ಅಥವಾ 50 ತಗೊಳ್ಳಿ, ಮೊದಲು ಕತ್ತಿನ ಮೇಲೆ ಒಂದು ರೂಪಾಯಿ ಅಗಲ ಹಚ್ಚಿ ಒಂದು ದಿನ ನೋಡಿ ಏನೂ ಆಗಿಲ್ಲ ಅಂದ್ರೆ ಮೂತಿಗೆ ಹಚ್ಚಿ. ಬೆಳಗ್ಗೆ ಒಂದ್ ಸಲ ಬಳಿದು ಬಿಟ್ರೆ ಸಾಲಲ್ಲ ಅಣ್ಣ, ಅದು ಹುಲ್ಲು ತಿನ್ನುತ್ತೆ, ನೀರಲ್ಲಿ ಮೂತಿ ಅದ್ದುತ್ತೆ, ಗೋಡೆಗೆ ಉಜ್ಜುತ್ತೆ, ಎರಡು ಗಂಟೇಲಿ ಏನೂ ಉಳಿದಿರಲ್ಲ.


ಚಿಂತಾಮಣಿ_ಪಶುವೈದ್ಯೆ:

ಕುಣಿಗಲ್‌ನವ್ರು ಹೇಳಿರೋದು ಸರಿ ಇದೆ, ಅದರಲ್ಲೂ ಲೋಳೆಸರದ ಹಳದಿ ರಸದ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಆದ್ರೆ ನನಗೆ ಒಂದು ಅನುಮಾನ ಇದೆ. ಗುಲಾಬಿ ಚರ್ಮದ ಕುದುರೆ, ಮೂರು ಗಂಟೆ ಉರಿಬಿಸಿಲು, ಮಾರನೇ ದಿನ ಕೆಂಪು, ಇಷ್ಟೇ ಆಗಿದ್ರೆ ಬರೀ ಬಿಸಿಲು ಅಂತ ಹೇಳಿ ಸುಮ್ಮನಾಗ್ತಿದ್ದೆ. ನೀವು ಹೇಳಿದ ಎರಡು ಮಾತು ನನ್ನನ್ನ ಹಿಡಿದು ನಿಲ್ಲಿಸ್ತು. ಒಂದು, ಇಷ್ಟು ವರ್ಷ ಮೆರವಣಿಗೆ ಮಾಡಿದಾಳೆ, ಆಗ ಇಷ್ಟು ಸುಟ್ಟಿಲ್ಲ. ಎರಡು, ಮೇವು ಬಿಟ್ಟಿದಾಳೆ.

ಇದೇ ಥರ ಕಾಣೋ ಇನ್ನೊಂದು ತೊಂದರೆ ಇದೆ, ಫೋಟೋಸೆನ್ಸಿಟೈಸೇಷನ್ ಅಂತೀವಿ. ಅದರಲ್ಲೂ ಸುಡೋದು ಬಿಳಿ ಭಾಗಾನೇ ಆದ್ರೆ ಮೂಲ ಕಾರಣ ಚರ್ಮದಲ್ಲಿರಲ್ಲ, ಹೊಟ್ಟೇಲಿ ಅಥವಾ ಲಿವರಲ್ಲಿ ಇರುತ್ತೆ. ಹಸಿರು ಮೇವಿನಲ್ಲಿರೋ ಕ್ಲೋರೋಫಿಲ್ ಕರುಳಲ್ಲಿ ಒಡೆದು ಫಿಲ್ಲೋಎರಿಥ್ರಿನ್ ಅಂತ ಒಂದು ವಸ್ತು ಆಗುತ್ತೆ. ಲಿವರ್ ಚೆನ್ನಾಗಿದ್ರೆ ಅದನ್ನ ಪಿತ್ತದ ಜೊತೆ ಹೊರಗೆ ಹಾಕ್ಬಿಡುತ್ತೆ. ಲಿವರ್ ಏಟು ತಿಂದಿದ್ರೆ ಅದು ರಕ್ತದಲ್ಲೇ ಸುತ್ತಿ ಚರ್ಮಕ್ಕೆ ಬರುತ್ತೆ, ಅಲ್ಲಿ ಬಿಸಿಲು ಬಿದ್ದ ತಕ್ಷಣ ಚರ್ಮದ ಜೀವಕೋಶ ಹಾಳು ಮಾಡುತ್ತೆ. ಆಗ ಸ್ವಲ್ಪ ಬಿಸಿಲಿಗೇ ತುಂಬಾ ಸುಡುತ್ತೆ. ಮೇಲೆ ಎಷ್ಟು ಕ್ರೀಮ್ ಬಳಿದ್ರೂ ಒಳಗಿನ ಕಾರಣ ಹಂಗೇ ಇರುತ್ತೆ.

ದನ ಕುರಿಗಳಲ್ಲಿ ಬೇಲಿ ಮೇಲೆ ಬೆಳೆಯೋ ಲಂಟಾನ ತಿಂದು ಹಿಂಗಾಗೋದನ್ನ ನಮ್ಮ ಕಡೆ ಬೇಕಾದಷ್ಟು ನೋಡಿದೀನಿ. ಕುದುರೆಗಳಲ್ಲಿ ಬೂಷ್ಟು ಹಿಡಿದ ಮೇವು, ಕೆಲವು ಜಾತಿ ಹುಲ್ಲು, ಕೆಲವೊಮ್ಮೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಟೆಟ್ರಾಸೈಕ್ಲಿನ್ ಥರದ ಕೆಲವು ಔಷಧಿಗಳು ಕಾರಣ ಆಗೋದುಂಟು. ಅದಕ್ಕೇ ಕೇಳ್ತೀನಿ: ಮಲ್ಲಿಗೆ ಏನೇನ್ ಹಾಕ್ತೀರಿ, ಹೋದ ಒಂದೆರಡು ತಿಂಗಳಲ್ಲಿ ಹೊಸದಾಗಿ ಏನ್ ಶುರು ಮಾಡಿದ್ರಿ, ಯಾವುದಾದ್ರೂ ಇಂಜೆಕ್ಷನ್ ಆಗಿತ್ತಾ? ತುಟಿ ಎತ್ತಿ ವಸಡು ನೋಡಿ, ಕಣ್ಣಿನ ಬಿಳಿ ಗುಡ್ಡೆ ನೋಡಿ, ಹಳದಿ ಇದೆಯಾ? ನೆರಳಲ್ಲಿ ನೋಡ್ಬೇಡಿ, ಬೆಳಗ್ಗೆ ಸೂರ್ಯನ ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟಲ್ಲಿ ಹಳದಿ ಗೊತ್ತಾಗಲ್ಲ. ಉಚ್ಚೆ ಬಣ್ಣ ಕಾಫಿ ಡಿಕಾಕ್ಷನ್ ಥರ ಗಾಢ ಆಗಿದೆಯಾ? ಸುಮ್ಮನೆ ಮಂಕಾಗಿ ಗೋಡೆಗೆ ತಲೆ ಒತ್ಕೊಂಡು ನಿಲ್ಲೋದು, ಸುತ್ತು ಸುತ್ತು ತಿರುಗೋದು ಏನಾದ್ರೂ ಇದ್ರೆ ಇದನ್ನ ಓದ್ತಾ ಕೂರ್ಬೇಡಿ, ಈಗಲೇ ಡಾಕ್ಟ್ರನ್ನ ಕರೆಸಿ.


ಶಿರಾ_ಬಿಳಿಕುದುರೆ:

ಮೇಡಂ ನೀವು ಹೇಳಿದಂಗೆ ಇವತ್ತು ಬೆಳಗ್ಗೆ ಏಳಕ್ಕೆ ನೋಡ್ದೆ. ವಸಡು ಸ್ವಲ್ಪ ಹಳದಿ ಇದೆ ಅನ್ಸುತ್ತೆ, ಕಂದು ಕುದುರೆ ತುಟೀನೂ ಎತ್ತಿ ಪಕ್ಕಪಕ್ಕದಲ್ಲಿ ನೋಡ್ದೆ, ಅದರದ್ದು ಗುಲಾಬಿ, ಇದರದ್ದು ಮಾಸಿದ ಹಳದಿ. ನೋಡಿ ಕೈ ನಡುಗ್ತು. ಉಚ್ಚೆ ಮಾಮೂಲಿ ಬಣ್ಣಾನೇ. ತಲೆ ಒತ್ತೋದು ಎಲ್ಲ ಇಲ್ಲ, ಕರೆದ್ರೆ ಕಿವಿ ತಿರುಗಿಸ್ತಾಳೆ, ಬರ್ತಾಳೆ.

ಮೇವು ರಾಗಿ ಹುಲ್ಲು, ಬೇಯಿಸಿದ ಹುರುಳಿ, ಗೋಧಿ ಬೂಸಾ, ಸಂಜೆ ಗದ್ದೆ ಬದುವಿನ ಗರಿಕೆ. ಹೊಸದು ಅಂದ್ರೆ ಮದುವೆ ಸೀಸನ್‌ಗೆ ಮೈ ತುಂಬ್ಕೊಳ್ಳಲಿ ಅಂತ ಒಂದೂವರೆ ತಿಂಗಳಿಂದ ಕಡಲೆಕಾಯಿ ಹಿಂಡಿ ಹಾಕ್ತಾ ಇದೀನಿ, ಮಲ್ಲಿಗೆ ಮಾತ್ರ. ಗಾಣದವರ ಹತ್ರ ಹೋದ ವರ್ಷದ ಚೀಲ ಕಮ್ಮಿ ರೇಟಿಗೆ ಸಿಕ್ತು. ನಿಮ್ಮ ಮೆಸೇಜ್ ಓದಿ ಚೀಲ ಪೂರ್ತಿ ನೆಲಕ್ಕೆ ಸುರಿದು ನೋಡ್ದೆ, ಮೇಲೆ ಚೆನ್ನಾಗಿದೆ, ತಳದಲ್ಲಿ ಹೆಂಟೆ ಹೆಂಟೆ ಕಟ್ಕೊಂಡು ಒಡೆದ್ರೆ ಒಳಗೆ ಹಸಿರುಬೂದಿ ಥರ ಪುಡಿ, ವಾಸನೇನೂ ಬೇರೆ. ಹದಿನೈದು ದಿನದಿಂದ ಆ ತಳದ್ದೇ ನಡೀತಾ ಇತ್ತು. ನನಗೆ ತಲೆಗೇ ಹೋಗ್ಲಿಲ್ಲ ಮೇಡಂ. ಇಂಜೆಕ್ಷನ್ ಏನೂ ಆಗಿಲ್ಲ.


ಚಿಂತಾಮಣಿ_ಪಶುವೈದ್ಯೆ:

ಆ ಹಿಂಡಿ ಇವತ್ತೇ ಬಂದ್. ದನಕ್ಕೂ ಹಾಕ್ಬೇಡಿ ಕೋಳಿಗೂ ಹಾಕ್ಬೇಡಿ, ಗುಂಡಿ ತೋಡಿ ಮುಚ್ಚಿ. ಕಡಲೆಕಾಯಿ ಹಿಂಡೀಲಿ ಬೂಷ್ಟು ಬಂದ್ರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರೋ ಸಾಧ್ಯತೆ ಜಾಸ್ತಿ, ಅದು ನೇರವಾಗಿ ಲಿವರ್‌ಗೇ ಹೊಡೆಯೋದು. ಬೇಯಿಸಿದ್ರೆ, ಬಿಸಿಲಿಗೆ ಒಣಗಿಸಿದ್ರೆ ಹೋಗಲ್ಲ. ಶಿರಾ ಪಾವಗಡ ಕಡೆ ಕಡಲೆಕಾಯಿ ಹಿಂಡಿ ಕೈಗೆ ಸುಲಭವಾಗಿ ಸಿಗುತ್ತೆ, ಹೊಸದಾಗಿ ಗಾಣದಿಂದ ಬಂದಿದ್ದು ಒಣಗಿದ್ದಾಗ ಒಳ್ಳೇ ಮೇವೇ, ಸಂಗ್ರಹ ಮಾಡೋದ್ರಲ್ಲಿ ಕೆಡೋದು. ಹಂಗೇ ಇನ್ನೊಂದು ಮಾತು, ಇಲ್ಲಿ ಓದೋ ಎಲ್ರಿಗೂ: ಕೋಳಿ ಫೀಡ್ ಮಿಕ್ಕಿದೆ ಅಂತ ಕುದುರೆಗೆ ಹಾಕ್ಬೇಡಿ, ಅದರಲ್ಲಿ ಸೇರಿಸೋ ಮೊನೆನ್ಸಿನ್ ಥರದ ಔಷಧಿ ಕುದುರೆ ಹೃದಯಕ್ಕೆ ಹೊಡೆದು ಪ್ರಾಣಾನೇ ತೆಗೆಯುತ್ತೆ.

ಈಗ ಹಳದಿ ವಸಡಿನ ವಿಷಯ. ಗಾಬರಿ ಬೇಡ, ಯಾಕಂದ್ರೆ ಕುದುರೆ ಬೇರೆ ಪ್ರಾಣಿಗಳ ಥರ ಅಲ್ಲ, ಎರಡು ದಿನ ಮೇವು ಸರಿಯಾಗಿ ತಿನ್ನದೇ ಇದ್ರೆ ಲಿವರ್ ಚೆನ್ನಾಗಿದ್ರೂ ರಕ್ತದಲ್ಲಿ ಬಿಲಿರುಬಿನ್ ಅನ್ನೋ ಹಳದಿ ವಸ್ತು ಏರಿ ವಸಡು ಹಳದಿ ಆಗುತ್ತೆ. ಮೂತಿ ನೋವಿಗೆ ತಿನ್ನದೇ ಇದ್ದು ಹಳದಿ ಆಗಿರ್ಬಹುದು, ಲಿವರ್ ಕೆಟ್ಟು ಹಳದಿ ಆಗಿರ್ಬಹುದು, ಬರೀ ಕಣ್ಣಲ್ಲಿ ನೋಡಿ ಯಾರೂ ಹೇಳೋಕಾಗಲ್ಲ. ರಕ್ತ ಪರೀಕ್ಷೆ ಬೇಕೇ ಬೇಕು. ಬರೀ ಬಿಲಿರುಬಿನ್ ಮಾಡಿಸ್ಬೇಡಿ, ಲಿವರ್ ಸ್ಥಿತಿ ತಿಳಿಯೋಕೆ ಮಾಡೋ ಜಿಜಿಟಿ, ಎಎಸ್‌ಟಿ ಪರೀಕ್ಷೆ ಎರಡೂ ಬರೆಸಿ. ಜಿಜಿಟಿ ಏರಿದ್ರೆ ಲಿವರ್, ಅದು ಸರಿ ಇದ್ದು ಬಿಲಿರುಬಿನ್ ಮಾತ್ರ ಏರಿದ್ರೆ ಉಪವಾಸದ್ದು ಅಂತ ಅಂದಾಜು ಮಾಡ್ಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸಾಗಿಸೋಕೆ ಕಷ್ಟ ಆದ್ರೆ 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಚಾರಿ ಆಂಬುಲೆನ್ಸ್ ಬರುತ್ತೆ. ಅಲ್ಲಿ ಆಗಲ್ಲ ಅಂದ್ರೆ ಬೆಂಗಳೂರಿನ ಹೆಬ್ಬಾಳ ವೆಟರ್ನರಿ ಕಾಲೇಜು ಇದೆ.

ಫಲಿತಾಂಶ ಬರೋವರೆಗೂ ಹಗಲು ಪೂರ್ತಿ ನೆರಳು. ಹೊರಗೆ ಬಿಡೋದು ರಾತ್ರಿ ಮಾತ್ರ. ಗರಿಕೆ, ಹಸಿ ಸೊಪ್ಪು ನಿಲ್ಲಿಸಿ, ರಾಗಿ ಹುಲ್ಲು ಕೊಡಿ, ಮೇಲೆ ಹೇಳಿದ್ನಲ್ಲ ಆ ಕ್ಲೋರೋಫಿಲ್ ಹಸಿರಲ್ಲೇ ಜಾಸ್ತಿ ಇರೋದು. ಮೂತಿ ನೋಯ್ತಿದೆ, ಹುಲ್ಲು ಸಣ್ಣಗೆ ಕತ್ತರಿಸಿ ನೀರಲ್ಲಿ ನೆನೆಸಿ ಕೊಡಿ, ಬೂಸಾ ಗಂಜಿ ಥರ ಮಾಡಿ ಕೊಡಿ, ಹೊಟ್ಟೆ ಖಾಲಿ ಬಿಡ್ಬೇಡಿ. ಸೀಳಿರೋ ಜಾಗಕ್ಕೆ ಸುಟ್ಟಗಾಯಕ್ಕೆ ಹಚ್ಚೋ ಸಿಲ್ವರ್ ಸಲ್ಫಡಯಾಜಿನ್ ಕ್ರೀಮ್ ತೆಳ್ಳಗೆ ಹಚ್ಬಹುದು, ಹಚ್ಚಿ ಬಿಸಿಲಿಗೆ ಬಿಡ್ಬಾರ್ದು. ನೋವಿನ ಇಂಜೆಕ್ಷನ್, ಸ್ಟೀರಾಯ್ಡ್ ಕ್ರೀಮ್ ಮೆಡಿಕಲ್ ಶಾಪಲ್ಲಿ ಕೇಳಿ ತಂದು ಹಾಕ್ಬೇಡಿ. ಲಿವರ್ ಸ್ಥಿತಿ ಗೊತ್ತಿಲ್ಲದೆ ನಾನೂ ಇಲ್ಲಿಂದ ಡೋಸ್ ಹೇಳಲ್ಲ. ನೊಣ ಕೂತು ಹುಳ ಬೀಳದಂಗೆ ನೋಡ್ಕೊಳ್ಳಿ, ಬೇವಿನೆಣ್ಣೆ ಗಾಯದ ಮೇಲೆ ಬೇಡ, ಗಾಯದಿಂದ ನಾಕು ಬೆರಳು ದೂರ ಸುತ್ತ ಹಚ್ಚಿ.


ಮುಳಬಾಗಿಲು_ಸವಾರ:

ಮೇಡಂ ಇದರ ಜೊತೆ ಕಣ್ಣಿನ ವಿಷಯಾನೂ ಸೇರಿಸ್ಬೇಕು ಅಂತ ಬರೀತಿದೀನಿ. ನನ್ನ ಹತ್ರ ಒಂದು ಕುದುರೆ ಇತ್ತು, ಅರ್ಧ ಮುಖ ಬಿಳಿ, ಎಡಗಣ್ಣಿನ ರೆಪ್ಪೆ ಗುಲಾಬಿ, ಬಲಗಣ್ಣು ಕಪ್ಪು. ಪ್ರತಿ ಬೇಸಿಗೆ ಎಡಗಣ್ಣಲ್ಲಿ ನೀರು ಸುರೀತಿತ್ತು, ಬಿಸಿಲಿಗೆ ಎಲ್ರಿಗೂ ಬರುತ್ತೆ ಬಿಡು ಅಂದ್ಕೊಂಡು ಬಟ್ಟೇಲಿ ಒರೆಸಿ ಬಿಡ್ತಿದ್ದೆ. ಒಂದ್ ವರ್ಷ ಕಣ್ಣಿನ ಒಳಮೂಲೇಲಿ ಅಕ್ಕಿಕಾಳಿನಷ್ಟು ಕೆಂಪು ಗಂಟು ಕಾಣ್ತು. ಬೇಸಿಗೇಲಿ ನೊಣದಿಂದ ಬರೋ ಬರ್ಸಾತಿ ಹುಣ್ಣು ಇರ್ಬೇಕು ಅಂದ್ರು ಒಬ್ರು, ಅದಕ್ಕೆ ಮುಲಾಮು ಹಚ್ತಾ ನಾಕು ತಿಂಗಳು ಕಳೆದೆ. ಆಮೇಲೆ ಒಂದು ಆಸ್ಪತ್ರೇಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಚರ್ಮದ ಕ್ಯಾನ್ಸರ್ ಅಂತ ಬಂತು. ಅಷ್ಟೊತ್ತಿಗೆ ಹಿಂದಕ್ಕೆ ಹರಡಿತ್ತು. ಕಣ್ಣು ತೆಗೆಸಿದೆ, ಆದ್ರೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ.

ಡಾಕ್ಟ್ರು ಆಗ ಹೇಳಿದ್ದು, ಬಣ್ಣ ಇಲ್ಲದ ಚರ್ಮಕ್ಕೆ ವರ್ಷಾನುಗಟ್ಟಲೆ ಬಿಸಿಲು ಬಿದ್ರೆ ಇದು ಬರೋ ಸಾಧ್ಯತೆ ಜಾಸ್ತಿ, ರೆಪ್ಪೆ, ಕಣ್ಣಿನ ಮೂರನೇ ರೆಪ್ಪೆ, ಮೂತಿ, ಗಂಡು ಕುದುರೆ ಜನನಾಂಗದ ಮೇಲೂ ಬರುತ್ತೆ, ಅಕ್ಕಿಕಾಳಿನಷ್ಟಿದ್ದಾಗ ಬಂದಿದ್ರೆ ಕತ್ತರಿಸಿ ತೆಗೆದು ಬಿಡಬಹುದಿತ್ತು ಅಂತ. ಆ ಮಾತು ಇವತ್ತಿಗೂ ಕಿವೀಲಿದೆ. ತಮ್ಮಾ, ನಿನ್ನ ಮಲ್ಲಿ ಕಣ್ಣಿನ ಸುತ್ತ ಗುಲಾಬಿ ಅಂದ್ಯಲ್ಲ, ಮೂತಿ ವಾಸಿ ಆದ್ಮೇಲೂ ತಿಂಗಳಿಗೊಂದ್ ಸಲ ಕಣ್ಣಿನ ಒಳಮೂಲೆ ಬೆಳಕಲ್ಲಿ ನೋಡು. ಯಾವುದೇ ಹುಣ್ಣು ಮೂರ್ನಾಕು ವಾರ ಆದ್ರೂ ಮುಚ್ಚಿಲ್ಲ ಅಂದ್ರೆ ಬಿಸಿಲ ಹುಣ್ಣು ಅಂತ ಕೂರ್ಬೇಡ.


ಗೌರಿಬಿದನೂರು_ಗುಲಾಬಿತೋಟ:

ನಾನು ಕುದುರೆ ಸಾಕಿರೋದು ಮೂರೇ ವರ್ಷ, ಔಷಧಿ ವಿಷಯ ಮೇಡಂ ಹೇಳಿದಾರೆ, ನೆರಳಿನ ವಿಷಯ ನಾನು ಹೇಳ್ತೀನಿ ಯಾಕಂದ್ರೆ ಅದೇ ನನ್ನ ಕಸುಬು. ಹುಣಸೇಮರ ಹೋಯ್ತು ಅಂದ್ರಲ್ಲ ಅಣ್ಣ, ಅಲ್ಲೇ ಇರೋದು ಅರ್ಧ ಕಥೆ. ಶೀಟ್ ಚಪ್ಪರದಿಂದ ಕುದುರೆ ತಾನಾಗೇ ಹೊರಗೆ ಬರುತ್ತೆ ಅಂದ್ರೆ ಒಳಗೆ ಹೊರಗಿಗಿಂತ ಸೆಖೆ ಇದೆ ಅಂತ, ಅದರ ತಪ್ಪಲ್ಲ.

ಡ್ರಿಪ್ ಪೈಪ್ ಮಾರೋ ಅಂಗಡೀಲಿ ಹಸಿರು ಶೇಡ್ ನೆಟ್ ಸಿಗುತ್ತೆ, ನಮ್ಮ ಕಡೆ ಹೂವಿನ ನರ್ಸರಿ ಎಲ್ಲ ಅದರಲ್ಲೇ ನಡಿಯೋದು. 50 ಪರ್ಸೆಂಟ್ ನೆರಳು ಕೊಡೋದು ಬೇಡ, 75 ಅಥವಾ 90 ತಗೊಳ್ಳಿ. ಶೀಟಿನ ಮೇಲೆ ಹಾಸ್ಬೇಡಿ, ಶೀಟಿಗೂ ನೆಟ್ಟಿಗೂ ಮಧ್ಯೆ ಒಂದೂವರೆ ಎರಡು ಅಡಿ ಗ್ಯಾಪ್ ಬಿಟ್ಟು ಕಂಬ ನಿಲ್ಲಿಸಿ ಎಳೆದು ಕಟ್ಟಿ, ಆ ಗ್ಯಾಪಲ್ಲಿ ಗಾಳಿ ಓಡುತ್ತೆ, ಶೀಟು ಕಾಯಲ್ಲ. ಪಶ್ಚಿಮದ ಕಡೆ ನೆಲದವರೆಗೂ ಇಳಿಬಿಡಿ, ಮೂರು ಗಂಟೆ ಮೇಲೆ ಬಿಸಿಲು ಓರೆಯಾಗಿ ಒಳಗೆ ಬರೋದು ಅಲ್ಲಿಂದಾನೇ. ಶೀಟಿನ ಮೇಲೆ ತೆಂಗಿನಗರಿ ಹೊದಿಸಿದ್ರೂ ಆಯ್ತು.

ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರು ಜಿಲ್ಲೆ ಬಿಸಿಲು ಬರೀ ಸೆಖೆ ಲೆಕ್ಕದಲ್ಲಿ ನೋಡ್ಬಾರ್ದು ಅಣ್ಣ. ನಮ್ಮದು ಎತ್ತರದ ಬಯಲುಸೀಮೆ, ಹೆಚ್ಚುಕಮ್ಮಿ 600ರಿಂದ 900 ಮೀಟರ್, ಮೇಲೆ ಹೋದಂಗೆ ಸುಡೋ ಕಿರಣ ಜಾಸ್ತಿ. ಸೂರ್ಯ ನೆಟ್ಟಗೆ ನೆತ್ತಿ ಮೇಲೆ ಬರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್ 25ರ ಆಸುಪಾಸು ಒಂದ್ ಸಲ, ಆಗಸ್ಟ್ 18ರ ಆಸುಪಾಸು ಇನ್ನೊಂದ್ ಸಲ, ಆವತ್ತು ಮಧ್ಯಾಹ್ನ ಕಂಬದ ನೆರಳು ಕಂಬದ ಬುಡದಲ್ಲೇ ಇರುತ್ತೆ. ಆಗಸ್ಟಲ್ಲಿ ಮೋಡ ಇದೆ ತಣ್ಣಗಿದೆ ಅಂತ ಬಿಳಿ ಕುದುರೆ ಹೊರಗೆ ಬಿಟ್ರೆ ಅಲ್ಲೂ ಸುಡುತ್ತೆ, ನನ್ನ ಕುದುರೆ ಮೂತಿ ಮೊದಲ ಸಲ ಸುಟ್ಟಿದ್ದು ಶ್ರಾವಣದಲ್ಲೇ. ನಾನು ಹತ್ತರಿಂದ ನಾಕರವರೆಗೆ ಒಳಗೆ, ಸಂಜೆ ಐದರಿಂದ ಬೆಳಗ್ಗೆ ಒಂಬತ್ತರವರೆಗೆ ಹೊರಗೆ ಅಂತ ಬದಲಾಯಿಸ್ಕೊಂಡೆ.

ಮೂತಿಗೆ ಮಾಸ್ಕ್ ನಾನೇ ಹೊಲಿಸಿದೀನಿ. ಕಟ್ಟೋ ಹಗ್ಗದ ಮುಖಪಟ್ಟಿ ಇರುತ್ತಲ್ಲ, ಮೂಗಿನ ಮೇಲೆ ಬರೋ ಪಟ್ಟಿಗೆ ಒಂದು ಗೇಣು ಅಗಲದ ದಟ್ಟ ಹತ್ತಿ ಬಟ್ಟೆ ಪರದೆ ಥರ ಇಳಿಬಿಟ್ಟು ಹೊಲಿದ್ರೆ ಮೂಗಿನ ಮೇಲ್ಭಾಗ ಮುಚ್ಚುತ್ತೆ, ಉಸಿರಿಗೂ ಮೇವಿಗೂ ಅಡ್ಡ ಬರಲ್ಲ, ತಲೆ ಆಡಿಸಿದಂಗೆಲ್ಲ ನೊಣಾನೂ ಓಡುತ್ತೆ. ಅಂಚಿಗೆ ಒಳಗಡೆ ಮೆತ್ತನೆ ಬಟ್ಟೆ ಕೊಡಿ. ಬಟ್ಟೆ ನೆನೆಸಿ ಹಾಕಿದ್ರೆ ತಂಪು ಅಂತ ನೆನೆಸ್ಬೇಡಿ, ಒದ್ದೆ ಹತ್ತಿ ಬಟ್ಟೇಲಿ ಬಿಸಿಲು ಇನ್ನೂ ಜಾಸ್ತಿ ಒಳಗೆ ಇಳಿಯುತ್ತೆ.


ಶಿರಾ_ಬಿಳಿಕುದುರೆ:

ಮುಳಬಾಗಿಲಣ್ಣ ನಿಮ್ಮದು ಓದಿ ರಾತ್ರಿ ಟಾರ್ಚ್ ತಗೊಂಡು ಹೋಗಿ ಮಲ್ಲಿ ಕಣ್ಣು ನೋಡ್ದೆ, ಬೆಳಗ್ಗೆ ಮತ್ತೆ ಬೆಳಕಲ್ಲಿ ನೋಡ್ದೆ, ಕೆಂಪು ಇದೆ ಗಂಟು ಏನೂ ಇಲ್ಲ. 1962ಕ್ಕೆ ಫೋನ್ ಮಾಡಿದೀನಿ ಮೇಡಂ, ನಾಳೆ ಬರ್ತಾರಂತೆ. ಹಿಂಡಿ ಗುಂಡಿಗೆ ಹಾಕಿ ಮುಚ್ಚಿದೆ. ಮದುವೆ ಮನೆಯವ್ರಿಗೆ ಫೋಟೋ ಕಳಿಸಿ ಹಿಂಗಿಂಗೆ ಅಂತ ಹೇಳಿದೆ, ಅವ್ರು ಒಳ್ಳೇ ಜನ, ಕಂದು ಕುದುರೇನೇ ಕಳಿಸಿ ಪಾಪ ಅಂದ್ರು.


ಚಿಂತಾಮಣಿ_ಪಶುವೈದ್ಯೆ:

ಒಳ್ಳೇದಾಯ್ತು. ಬರೋ ಡಾಕ್ಟ್ರಿಗೆ ಹಿಂಡಿ ವಿಷಯ ಮೊದಲೇ ಹೇಳಿ, ಚರ್ಮ ನೋಡಿ ಬರೀ ಚರ್ಮಕ್ಕೆ ಮಾತ್ರ ಔಷಧಿ ಬರೆದು ಹೋಗೋ ಹಂಗಾಗ್ಬಾರ್ದು. ಹಿಂಡೀದು ಒಂದು ಮುಷ್ಟಿ ಪ್ಲಾಸ್ಟಿಕ್ ಕವರಲ್ಲಿ ತೆಗೆದಿಟ್ಟಿದ್ರೆ ತೋರ್ಸಿ.


ಶಿರಾ_ಬಿಳಿಕುದುರೆ:

ಇಪ್ಪತ್ತೆರಡು ದಿನ ಆಯ್ತು, ಎಲ್ರೂ ಕೇಳಿದ್ರಿ ಅಂತ ಬರೀತಿದೀನಿ.

ರಕ್ತದ ರಿಪೋರ್ಟಲ್ಲಿ ಬಿಲಿರುಬಿನ್ ಏರಿತ್ತು, ಜಿಜಿಟಿ ಕೂಡ ಇರ್ಬೇಕಾದ್ದಕ್ಕಿಂತ ಜಾಸ್ತಿ ಇತ್ತು, ತುಂಬ ಅಲ್ಲ ಆದ್ರೆ ಜಾಸ್ತಿ. ಡಾಕ್ಟ್ರು ಲಿವರ್‌ಗೆ ಸ್ವಲ್ಪ ಏಟು ಬಿದ್ದಿದೆ, ಅದಕ್ಕೇ ಬಿಸಿಲು ಈ ಮಟ್ಟಕ್ಕೆ ಸುಟ್ಟಿದೆ, ಬೇಗ ನಿಲ್ಲಿಸಿದ್ದು ಒಳ್ಳೇದಾಯ್ತು ಅಂದ್ರು. ನೋವಿಗೆ ಎರಡು ದಿನ ಅವ್ರೇ ಇಂಜೆಕ್ಷನ್ ಕೊಟ್ರು, ಸಿಲ್ವರ್ ಸಲ್ಫಡಯಾಜಿನ್ ಹಚ್ಚೋದು ಮುಂದುವರಿಸಿ ಅಂದ್ರು. ನೋವಿನ ಇಂಜೆಕ್ಷನ್ ಆದ ಸಂಜೆಗೇ ನೆನೆಸಿದ ಹುಲ್ಲು ತಿನ್ನೋಕೆ ಶುರು ಮಾಡಿದ್ಲು. ನಾಕನೇ ದಿನಕ್ಕೆ ಹುರುಳಿ ಬಕೆಟ್ ತಂದ ಸದ್ದಿಗೆ ಕೆನೆದ್ಲು, ಅವತ್ತು ನಮ್ಮಮ್ಮ ಅಳೋಕೇ ಶುರು ಮಾಡಿದ್ರು.

ಸಿಪ್ಪೆ ಎಲ್ಲ ಉದುರಿದೆ. ಕೆಳಗೆ ಹೊಸ ಚರ್ಮ ಹಸುಗೂಸಿನ ಕೆನ್ನೆ ಥರ ತೆಳ್ಳಗೆ, ಮೂಗಿನ ಹೊಳ್ಳೆ ಅಂಚಲ್ಲಿ ಹೂವಿನ ಎಸಳಿನ ಥರ ನರ ಕಾಣುತ್ತೆ. ಕೈ ಇಟ್ರೆ ಈಗ ಹಿಂದಕ್ಕೆ ಹೋಗಲ್ಲ, ಅಂಗೈಗೆ ಉಸಿರು ಬಿಡ್ತಾಳೆ. ಬೆನ್ನಿನ ಮೇಲೆ ಒಂದು ಕಡೆ ಕೂದಲು ಉದುರಿದ್ದು ಇನ್ನೂ ಪೂರ್ತಿ ಬಂದಿಲ್ಲ.

ಶೇಡ್ ನೆಟ್ 90 ಪರ್ಸೆಂಟ್‌ದು ಹಾಕ್ಸಿದೆ, ಗೌರಿಬಿದನೂರಣ್ಣ ಹೇಳಿದಂಗೆ ಗ್ಯಾಪ್ ಬಿಟ್ಟು. ಮಧ್ಯಾಹ್ನ ಒಂದೂವರೇಲಿ ಒಳಗೆ ಹೋಗಿ ನಿಂತು ನೋಡಿದೀನಿ, ಶೀಟು ಮುಟ್ಟಿದ್ರೆ ಈಗ ಕೈ ಸುಡಲ್ಲ, ಮಲ್ಲಿ ಹೊರಗೆ ಬರೋಕೇ ನೋಡಲ್ಲ. ಮೂತಿ ಪರದೆ ಟೈಲರ್ ಹತ್ರ ಎರಡು ಹೊಲಿಸಿದೀನಿ, ಒಗೆಯೋಕೆ ಒಂದು ಹಾಕೋಕೆ ಒಂದು. ಸನ್‌ಸ್ಕ್ರೀನ್ ಕತ್ತಿನ ಮೇಲೆ ಪರೀಕ್ಷೆ ಮಾಡಿ ಆಯ್ತು, ಏನೂ ಆಗಿಲ್ಲ, ಡಾಕ್ಟ್ರು ಇನ್ನೊಂದು ವಾರ ಬಿಟ್ಟು ಮೂತಿಗೆ ಶುರು ಮಾಡಿ ಅಂದಿದಾರೆ.

ಮೆರವಣಿಗೆ ವಿಷಯ ಮನೇಲಿ ಕೂತು ಮಾತಾಡಿದ್ವಿ. ಇನ್ಮೇಲೆ ಮಲ್ಲಿ ಸಂಜೆ ಐದರ ಮೇಲಿನ ಮೆರವಣಿಗೆಗೆ, ರಾತ್ರಿ ರಿಸೆಪ್ಷನ್‌ಗೆ ಮಾತ್ರ. ಹಗಲು ಬೇಕು ಅಂದೋರಿಗೆ ಕಂದು ಕುದುರೆ. ಎರಡು ಆರ್ಡರ್ ತಪ್ಪಿ ಹೋಯ್ತು, ಹೋಗ್ಲಿ.

ಜಿಜಿಟಿ ಎರಡನೇ ಪರೀಕ್ಷೆ ಮುಂದಿನ ವಾರ ಇದೆ ಮೇಡಂ, ಬಂದ ತಕ್ಷಣ ಇಲ್ಲೇ ಹಾಕ್ತೀನಿ. ಗರಿಕೆ ಯಾವಾಗಿಂದ ಕೊಡ್ಬಹುದು ಅನ್ನೋದು ಒಂದು ಹೇಳಿ, ರಾತ್ರಿ ಬಿಟ್ಟಾಗ ಬದುವಿನ ಕಡೆಗೇ ಎಳೀತಾಳೆ.


ಚಿಂತಾಮಣಿ_ಪಶುವೈದ್ಯೆ:

ಆ ರಿಪೋರ್ಟ್ ಬರಲಿ, ಜಿಜಿಟಿ ಇಳಿದಿದ್ರೆ ದಿನಾ ಒಂದೊಂದು ಹಿಡಿಯಿಂದ ಶುರು ಮಾಡೋಣ. ಅಲ್ಲೀವರೆಗೆ ಬದುವಿನ ಕಡೆ ಹೋಗದಂಗೆ ಹಗ್ಗ ಸ್ವಲ್ಪ ಗಿಡ್ಡ ಕಟ್ಟಿ.